ಕಾಲಲ್ಲ, ಮೊದಲು ಬೆನ್ನು ನೋಡಿ

ಹಸು ಕುಂಟುತ್ತಿದೆಯಾ ಅಂತ ತಿಳಿಯಲು ಕಾಲು ನೋಡಬೇಡಿ, ಬೆನ್ನು ನೋಡಿ ಎಂದರು ಗೊರಸು ಕತ್ತರಿಸಲು ಬಂದವರು. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವನ್ನು ಅಂಗಳದಲ್ಲಿ ನಡೆಸಿದೆವು. ನಿಂತಾಗ ಬೆನ್ನು ನೆಟ್ಟಗಿತ್ತು. ಹೆಜ್ಜೆ ಹಾಕಿದರೆ ಬಿಲ್ಲಿನಂತೆ ಬಾಗುತ್ತಿತ್ತು. ಕುಂಟಿನ ಮೊದಲ ಗುರುತು ಅದೇ. ಹಾಲು ಇಳಿದದ್ದಕ್ಕೆ ಮನೆಯವರೆಲ್ಲ ಸುಮ್ನೆ ಬಿಸಿಲನ್ನು ಬೈಯುತ್ತಿದ್ದರು!

ಹಿಂದೆ ಊರಿಗೆ ಲಾಳ ಕಟ್ಟುವವರು ಬರುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ಗೊರಸು ಕೆತ್ತಿ ಲಾಳ ಹೊಡೆಯುತ್ತಿದ್ದರು. ಹಸುವಿಗೆ ಆ ಉಪಚಾರ ಬೇಕಿರಲಿಲ್ಲ. ಗೋಮಾಳದಲ್ಲಿ ಓಡಾಡಿ ಗೊರಸು ತಾನೇ ಸವೆಯುತ್ತಿತ್ತು. ಈಗ ಹಸು ದಿನವಿಡೀ ಸಿಮೆಂಟಿನ ಮೇಲೆ ಕಟ್ಟಿದಲ್ಲೇ ಇರುತ್ತದೆ. ಗೊರಸು ಮಾತ್ರ ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ.

ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ ಹಿಂಗಾಲು ಎತ್ತಿ ಕಟ್ಟಿದರು. ಹಸುವಿನ ಒಂದೊಂದು ಪಾದದಲ್ಲೂ ಎರಡು ಗೊರಸು, ಒಳಗಿನದೊಂದು ಹೊರಗಿನದೊಂದು. ನೋವು ಜಾಸ್ತಿ ಬರುವುದು ಹಿಂಗಾಲಿನ ಹೊರಗೊರಸಿಗೆ. ಆದರೂ ಕತ್ತಿ ಮೊದಲು ಹೋಗಿದ್ದು ಒಳಗೊರಸಿಗೆ. ಮುಂಭಾಗದ ಉದ್ದ ಸುಮಾರು 7.5 ಸೆಂಟಿಮೀಟರ್ ಉಳಿಸಿ, ಹೊರಗಿನದನ್ನು ಅದರ ಮಟ್ಟಕ್ಕೆ ತಂದರು. ಆಗ ಕಂಡಿತು, ಹೊರಗೊರಸಿನ ಅಡಿಯಲ್ಲಿ ಕೆಂಪು ಕಲೆ. ಹೆಬ್ಬೆರಳಿನಿಂದ ಅದುಮಿದರು. ಹಸು ಕಾಲು ಜಗ್ಗಿತು.

“ಕರು ಹಾಕಿ ಎಷ್ಟು ದಿನವಾಯ್ತು?” ಎಂದು ಕೇಳಿದರು. ಎರಡು ತಿಂಗಳು ದಾಟಿತ್ತು. ಲೆಕ್ಕ ಸರಿಹೋಯಿತು ಅಂದರು. ಕರು ಹಾಕುವ ಹೊತ್ತಿಗೆ ಗೊರಸಿನೊಳಗಿನ ಮೂಳೆಯನ್ನು ಹಿಡಿದಿರುವ ಕಟ್ಟು ಸಡಿಲಾಗುತ್ತದೆ. ಗಟ್ಟಿ ನೆಲದ ಮೇಲೆ ಜಾಸ್ತಿ ಹೊತ್ತು ನಿಂತರೆ ಮೂಳೆ ಕೆಳಗಿನ ಮೃದು ಭಾಗವನ್ನು ಜಜ್ಜುತ್ತದೆ. ಅಲ್ಲಿ ಕಟ್ಟಿದ ರಕ್ತ ಬೆಳೆಯುವ ಗೊರಸಿನ ಜೊತೆ ಕೆಳಗಿಳಿದು ಕಣ್ಣಿಗೆ ಬೀಳಲು ಎರಡು ಮೂರು ತಿಂಗಳು ಬೇಕು. ಅಂದರೆ ಪೆಟ್ಟು ಬಿದ್ದಾಗ ನಾವು ಗಿಣ್ಣು ಹಂಚುವ ಸಡಗರದಲ್ಲಿದ್ದೆವು. ಹಾಗೇ ಬಿಟ್ಟಿದ್ದರೆ ಹುಣ್ಣಾಗುತ್ತಿತ್ತಂತೆ.

ಒಳಗೊರಸಿಗೆ ಮರದ ತುಂಡು ಅಂಟಿಸಿದರು. ಭಾರ ಅದರ ಮೇಲೆ ಬಿದ್ದು, ನೋಯುವ ಗೊರಸಿಗೆ ಬಿಡುವು. ಆ ದಿನ ನನಗೆ ತುಂಬಾ ಹಿಡಿಸಿದ ಉಪಾಯ ಅದು. ಪಕ್ಕದ ಮನೆಯವರು ಮೈಲುತುತ್ತದ ನೀರು ಹಾಕಬೇಕಲ್ವಾ ಎಂದರು. ಅದು ಗೊರಸಿನ ನಡುವೆ ಸೋಂಕು ತಗುಲದಿರಲಿ ಅಂತ, ಈ ಕಲೆಗೆ ಉಪಯೋಗವಿಲ್ಲ ಎಂದು ಉತ್ತರ ಬಂತು.

ರಬ್ಬರ್ ಮ್ಯಾಟ್ ಹಾಕಿಸಿ ಎಂದಾಗ ಅಪ್ಪ ಬೆಲೆ ಕೇಳಿ ಸುಮ್ಮನಾದರು. ಹಿಂಡಿ, ಜೋಳದ ನುಚ್ಚು ಒಂದೇ ಸಲ ಸುರಿಯಬೇಡಿ, ಹೊಟ್ಟೆಯಲ್ಲಿ ಹುಳಿ ಹೆಚ್ಚಾದರೆ ಗೊರಸೂ ಕೆಡುತ್ತದೆ ಎಂಬ ಮಾತಿಗೆ ಮಾತ್ರ ತಕ್ಷಣ ಒಪ್ಪಿದರು. ಅದಕ್ಕೆ ದುಡ್ಡು ಬೇಡ ನೋಡಿ! ಉಳಿದ ಹಸುಗಳನ್ನು ಮುಂದಿನ ಕರುವಿಗೆ ಮೊದಲು ಹಾಲು ಬತ್ತಿಸುವ ಹೊತ್ತಿಗೆ ತೋರಿಸುವುದೆಂದು ಮಾತಾಯಿತು.