ಹಳೆ ಡೆಸ್ಕ್‌ಟಾಪಿನ ಬಯಾಸ್: ಮೊದಲು ಕರೆಂಟ್, ಆಮೇಲೆ ಫೈಲ್

ಆನ್ ಮಾಡಿದಾಗಲೆಲ್ಲ ತಾರೀಖು ಹಳೇ ವರ್ಷಕ್ಕೆ ಹೋಗಿ ನಿಂತು, ಎಫ್1 ಒತ್ತಿದರಷ್ಟೇ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿದ್ದರೆ ಅದಕ್ಕೆ ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪ್ರೋಗ್ರಾಂ) ಅಪ್‌ಡೇಟ್ ಬೇಡ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ, ಅಷ್ಟೆ. ಅದರ ನಂಬರ್ ಸಿಆರ್2032, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕಕ್ಕಡದ ಮಳೆಯಲ್ಲಿ ಬೀಪ್ ಹೊಡೆದು ಸ್ಕ್ರೀನ್ ಬಾರದಿದ್ದರೂ ಮೊದಲು ನೋಡಬೇಕಾದ್ದು ರ‍್ಯಾಮ್. ಕೊಡಗಿನ ತೇವಕ್ಕೆ ಅದರ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ.

ಅಪ್‌ಡೇಟ್ ನಿಜಕ್ಕೂ ಬೇಕಾಗುವುದು ಹೊಸ ಪ್ರೊಸೆಸರ್ ಹಾಕುವಾಗ. 2011ರ ಎಚ್61 ಬೋರ್ಡಿನಲ್ಲಿ ಐ3-2100 ತೆಗೆದು ಐ5-3470 ಹಾಕಬೇಕೆಂದರೆ ಹೊಸ ಬಯಾಸ್ ಬೇಕು. ಬಿ450 ಬೋರ್ಡಿಗೆ ರೈಜನ್ 5000 ಸರಣಿ ಹಾಕುವುದಕ್ಕೂ ಹಾಗೆಯೇ. ಹಳೆ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮುಗಿಸಿ. ಹೊಸದನ್ನು ಕೂರಿಸಿದ ಮೇಲೆ ಸ್ಕ್ರೀನೇ ಬರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರಕ್ಕೆ ಹೊಸ ವರ್ಷನ್ ಬಂದಿದೆಯೆಂಬ ಒಂದೇ ಕಾರಣಕ್ಕೆ ಕೈ ಹಾಕುವುದು ಬೇಡ.

ಇನ್ನು ಕರೆಂಟ್. ನಮ್ಮ ಕಡೆ ಗಾಳಿಗೆ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು. ಬೇಸಿಗೆಯಲ್ಲಿ ಕಾಫಿಗೆ ನೀರು ಹಾಯಿಸಲು ಸ್ಪ್ರಿಂಕ್ಲರ್ ಮೋಟರ್ ಹಾಕಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಚಿಪ್ಪಿನಲ್ಲಿರುವುದನ್ನು ಅಳಿಸಿ ಹೊಸದನ್ನು ಬರೆಯುವ ಆ ಎರಡು ಮೂರು ನಿಮಿಷದಲ್ಲಿ ಇದಾದರೆ ಬೋರ್ಡ್ ಏಳುವುದಿಲ್ಲ. 600 ವಿಎ ಯುಪಿಎಸ್ ಇದ್ದರೆ ಮಾನಿಟರ್ ಸಮೇತ ಕಂಪ್ಯೂಟರ್ ಅದರ ಮೇಲೆ ನಡೆಯುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಹತ್ತು ನಿಮಿಷ ತಡೆದರೆ ಬ್ಯಾಟರಿ ಸರಿಯಿದೆ. ಆದರೆ ಆಗಲೇ ಫ್ಲ್ಯಾಶ್ ಮಾಡಬೇಡಿ, ಅಂದರೆ ಬಯಾಸ್ ಬರೆಯಲು ಹೋಗಬೇಡಿ. ಪರೀಕ್ಷೆಯಲ್ಲೇ ಬ್ಯಾಟರಿ ಅರ್ಧ ಖಾಲಿಯಾಗಿರುತ್ತದೆ, ರಾತ್ರಿಯಿಡೀ ಚಾರ್ಜ್ ಆಗಲಿ.

ಮನೆಯ ಇನ್ವರ್ಟರ್ ನಂಬಿದ್ದರೆ ಅದರಲ್ಲಿರುವ ಮೋಡ್ ಸ್ವಿಚ್ ನೋಡಿ. ಇಕೋ ಮೋಡಿನಲ್ಲಿದ್ದರೆ ಬಹಳ ಕಡಿಮೆ ವೋಲ್ಟೇಜನ್ನೂ ಹಾಗೆಯೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಬದಲಾಗುವುದೂ ನಿಧಾನ. ಯುಪಿಎಸ್ ಮೋಡಿಗೆ ಹಾಕಿ. ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ, ಅಂದರೆ ಎಸ್‌ಎಂಪಿಎಸ್, ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ, ಹಳತಾದರೆ ಅದಕ್ಕಿಂತ ಕಡಿಮೆ. ಗುಡುಗಿನ ಸಂಜೆ ಈ ಕೆಲಸಕ್ಕೆ ಕೂರಲೇಬಾರದು.

ಫೈಲ್ ಇಳಿಸುವ ಮೊದಲು ಬೋರ್ಡಿನ ಮೇಲೆ ಅಚ್ಚಾಗಿರುವ ಪೂರ್ತಿ ಹೆಸರು ಓದಿ. ಗಿಗಾಬೈಟ್ ಬೋರ್ಡಾದರೆ ಮೂಲೆಯಲ್ಲಿ ರಿವಿಷನ್ ನಂಬರೂ ಇರುತ್ತದೆ, 1.0 ಮತ್ತು 2.0ಕ್ಕೆ ಫೈಲ್ ಬೇರೆ ಬೇರೆ. ಈಗಿರುವ ವರ್ಷನ್ ವಿಂಡೋಸಿನ ಸಿಸ್ಟಂ ಇನ್ಫರ್ಮೇಷನ್‌ನಲ್ಲಿ ಸಿಗುತ್ತದೆ. ತಯಾರಕರ ಪುಟದಲ್ಲಿ ಪ್ರತಿ ವರ್ಷನ್ ಕೆಳಗಿರುವ ವಿವರಣೆ ಓದದೆ ಮುಂದುವರಿಯಬೇಡಿ, ಕೆಲವಕ್ಕೆ ನಡುವಿನ ಒಂದು ವರ್ಷನ್ ಮೊದಲು ಹಾಕಿರಬೇಕು.

ಜಿಪ್ ಬಿಚ್ಚಿ, ಒಳಗಿನ ಫೈಲನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಸಣ್ಣ ಪೆನ್‌ಡ್ರೈವಿಗೆ ಹಾಕಿ, ಹಿಂಬದಿಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ. ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ. ಬಯಾಸಿನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಇದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಪರದಾಡುವುದೂ ಇದಕ್ಕೇ. ಅಸೂಸ್‌ನಲ್ಲಿ ಇಝಡ್ ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್, ಎಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್: ಬಯಾಸ್ ಒಳಗಿಂದಲೇ ಮಾಡಿ. ವಿಂಡೋಸಿನಲ್ಲಿ ಓಡುವ ಟೂಲ್ ಇದ್ದರೂ ನಡುವೆ ವಿಂಡೋಸ್ ನಿಂತರೆ ಅಪ್‌ಡೇಟೂ ನಿಂತಂತೆ.

ಮುಗಿದ ಮೇಲೆ ಡೀಫಾಲ್ಟ್ ಲೋಡ್ ಮಾಡಿ, ಫೋಟೋ ನೋಡಿ ಹಳೆ ಸೆಟ್ಟಿಂಗ್ ಹಾಕಿ. ಸಾಟಾ ಮೋಡ್ (ಬೋರ್ಡ್ ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ರೀತಿ) ಐಡಿಇಯಿಂದ ಎಎಚ್‌ಸಿಐಗೆ ಬದಲಾಗಿಬಿಟ್ಟಿದ್ದರೆ ವಿಂಡೋಸ್ 7 ನೀಲಿ ಪರದೆಯಲ್ಲಿ 0x0000007ಬಿ ತೋರಿಸಿ ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಹಾಳಾಗಿಲ್ಲ, ಮೋಡ್ ವಾಪಸ್ ಹಾಕಿದರೆ ಏಳುತ್ತದೆ.

ಬೋರ್ಡೇ ಏಳದಿದ್ದರೆ ಎಸೆಯಬೇಡಿ. ಡ್ಯುಯಲ್ ಬಯಾಸ್ ಇರುವ ಗಿಗಾಬೈಟ್ ಬೋರ್ಡುಗಳು ಎರಡನೇ ಚಿಪ್ಪಿನಿಂದ ತಾವೇ ಸರಿಮಾಡಿಕೊಳ್ಳಲು ನೋಡುತ್ತವೆ. ಇಲ್ಲದಿದ್ದರೆ ಎಂಟು ಕಾಲಿನ ಆ ಚಿಪ್ಪಿಗೆ ಸಿಎಚ್341ಎ ಪ್ರೋಗ್ರಾಮರ್ (ಇನ್ನೊಂದು ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿ ಚಿಪ್ಪಿಗೆ ಬರೆಯುವ ಸಣ್ಣ ಸಾಧನ) ಮತ್ತು ಕ್ಲಿಪ್ಪಿನಿಂದ ನೇರವಾಗಿ ಬರೆಯಬಹುದು. ಕ್ಲಿಪ್ ಹಾಕುವ ಮೊದಲು ಬೋರ್ಡಿನ ಪವರ್ ವೈರ್ ಮತ್ತು ಸೆಲ್ ಎರಡನ್ನೂ ತೆಗೆಯಿರಿ. ಅಗ್ಗದ ಪ್ರೋಗ್ರಾಮರುಗಳಲ್ಲಿ ಕೆಲವು ಡೇಟಾ ಲೈನಿಗೆ 5 ವೋಲ್ಟ್ ಕೊಡುತ್ತವೆ, ಎಚ್61ರಂಥ ಹಳೆ ಬೋರ್ಡಿನ ಚಿಪ್ ಕೇಳುವುದು 3.3, ಕೆಲವು ಹೊಸ ಬೋರ್ಡಿನದು 1.8 ಮಾತ್ರ. ಮಲ್ಟಿಮೀಟರ್ ಹಿಡಿದು ಅಳೆದ ಮೇಲೆಯೇ ಜೋಡಿಸಿ.