ಮರವಂತೆಯಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತಾಗ

ಮಳೆಗಾಲದ ಕಡಲಿನ ಫೋಟೊ ತೆಗೆಯಬೇಕು ಅಂತ ಆಸೆ ಇದ್ದವರು ಜೂನ್ ಮೊದಲ ಮಳೆಗೇ ಓಡುತ್ತಾರೆ. ನಾನೂ ಒಮ್ಮೆ ಹಾಗೆ ಓಡಿ, ಮೂರು ದಿನ ರೂಮಿನ ಕಿಟಕಿಯಿಂದ ಬೂದು ಬಣ್ಣ ನೋಡಿಕೊಂಡು ವಾಪಸ್ ಬಂದಿದ್ದೆ. ಮಳೆ ಹಿಡಿದುಕೊಂಡ ಮೇಲೆ ಆಕಾಶವೆಲ್ಲ ಒಂದೇ ಹಾಸು. ಮೋಡಕ್ಕೆ ಆಕಾರವೇ ಇರುವುದಿಲ್ಲ. ಅದಕ್ಕೇ ಈ ಸಲ ಸೆಪ್ಟೆಂಬರ್ ಮೂರನೇ ವಾರ ಉಡುಪಿ ಜಿಲ್ಲೆಯ ಬೈಂದೂರು, ಮರವಂತೆ ಕಡೆ ಹೋದೆ. ಕಡಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಆದರೆ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಬಿಟ್ಟಾಗ ಸಿಗುವ ಆ ಹತ್ತಿಪ್ಪತ್ತು ನಿಮಿಷವೇ ನಮಗೆ ಬೇಕಾದದ್ದು.

ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೈಂದೂರಿನಲ್ಲಿ ಇಳಿಯಬಹುದು. ಸ್ಟೇಷನ್ನಿನ ಹೆಸರು ಮೂಕಾಂಬಿಕಾ ರೋಡ್ ಬೈಂದೂರು, ಟಿಕೆಟ್ ಹುಡುಕುವಾಗ ನೆನಪಿರಲಿ. ಇನ್ನೊಂದು ಮಾತು. ಬೈಂದೂರಿನ ಕಡಲತೀರದ ಹೆಸರು ಸೋಮೇಶ್ವರ. ಮೊಬೈಲ್ ಮ್ಯಾಪಿನಲ್ಲಿ ಬರೀ ‘ಸೋಮೇಶ್ವರ ಬೀಚ್’ ಅಂತ ಹಾಕಿದರೆ ಮಂಗಳೂರಿನ ಹತ್ತಿರದ ಉಳ್ಳಾಲದ್ದು ಬರಬಹುದು. ಅದು ಇಲ್ಲಿಂದ ನೂರು ಕಿಲೋಮೀಟರಿಗೂ ದೂರ. ಬೈಂದೂರು ಅಂತ ಸೇರಿಸಿಯೇ ಹುಡುಕಿ.

ಮೊದಲ ಸಂಜೆ ಒತ್ತಿನೆಣೆ ಗುಡ್ಡ. ಮೇಲಿಂದ ನೋಡಿದರೆ ಕೆಳಗೆ ಸೋಮೇಶ್ವರದ ಉದ್ದನೆಯ ಮರಳು, ಹೊಳೆ ಬಂದು ಕಡಲು ಸೇರುವ ಜಾಗ, ಅದರಾಚೆ ದಿಗಂತ. ಜಾಗ ಚೆಂದ, ಅನುಮಾನವೇ ಇಲ್ಲ. ಆದರೆ ಎಲ್ಲರೂ ಒಂದೇ ಕಡೆ ನಿಂತು ಒಂದೇ ಫೋಟೊ ತೆಗೆಯುತ್ತಾರೆ. ನಾನು ಅರ್ಧ ಗಂಟೆಯಲ್ಲಿ ಕೆಳಗಿಳಿದು ಸೋಮೇಶ್ವರ ದೇವಸ್ಥಾನದ ಹತ್ತಿರದ ಕಪ್ಪು ಬಂಡೆಗಳ ಕಡೆ ಹೋದೆ. ಬಂಡೆ ಹತ್ತಲು ಕಾಲೆತ್ತಿದ್ದೆ ಅಷ್ಟೇ, ಹಿಂದಿನಿಂದ ಬಲೆ ಹೊತ್ತ ಒಬ್ಬರು ಕೂಗಿದರು: “ಹೋಯ್, ಅಲ್ಲಿಗ್ ಹೋಯ್ಬೇಡಿ, ಕಲ್ ಜಾರತ್ತ್!” ಹೌದು, ಪಾಚಿ ಹಿಡಿದ ಬಂಡೆಗೆ ಯಾವ ಶೂ ಹಾಕಿದರೂ ಅಷ್ಟೇ. ಅವರ ಮಾತು ಕೇಳಿ ಮರಳಲ್ಲೇ ಉಳಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ನಾನು ನಿಲ್ಲಬೇಕು ಅಂದುಕೊಂಡಿದ್ದ ಬಂಡೆಯ ಮೇಲೆ ಅಲೆ ಒಡೆದು ಹೋಯಿತು. ಇಲ್ಲಿ ಹತ್ತು ಸಣ್ಣ ಅಲೆಯ ನಂತರ ಒಂದು ದೊಡ್ಡದು ಬರುತ್ತದೆ ಅನ್ನೋ ಲೆಕ್ಕವೆಲ್ಲ ನಡೆಯುವುದಿಲ್ಲ. ಭರತ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಮೊದಲು ಅಲ್ಲಿಯವರನ್ನೇ ಕೇಳಿ.

ಮರಳಲ್ಲಿ ಟ್ರೈಪಾಡ್ ಇಡುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಇಟ್ಟರೆ ಅಲೆ ಹಿಂದೆ ಸರಿಯುವಾಗ ಕಾಲಿನ ಸುತ್ತ ಮರಳನ್ನು ಎಳೆದುಕೊಂಡು ಹೋಗುತ್ತದೆ. ಕ್ಯಾಮೆರಾ ನಿಧಾನಕ್ಕೆ ಬಾಗುವುದು ಕಣ್ಣಿಗೇ ಕಾಣುತ್ತದೆ. ಶಟರ್ ಎರಡು ಸೆಕೆಂಡ್ ತೆರೆದಿಟ್ಟು ತೆಗೆದ ನನ್ನ ಫೋಟೊಗಳೆಲ್ಲ ಹೀಗೇ ಹಾಳಾದವು. ಕಾಲುಗಳನ್ನು ಮೊದಲೇ ಒಂದು ಗೇಣು ಒತ್ತಿ ಇಳಿಸಿ, ಒಂದೆರಡು ಅಲೆ ಬಂದು ಹೋಗಲು ಬಿಟ್ಟು, ಆಮೇಲೆ ಫ್ರೇಮ್ ಸರಿ ಮಾಡಿಕೊಳ್ಳಿ. ಶಟರ್ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್ ಇದ್ದರೆ ಸಾಕು, ಹಿಂದೆ ಸರಿಯುವ ನೊರೆ ಗೆರೆ ಗೆರೆಯಾಗಿ ಬರುತ್ತದೆ. ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್ ಹಾಕಿ ಮೂವತ್ತು ಸೆಕೆಂಡ್ ಇಡುವವರೂ ಇದ್ದಾರೆ. ಹುಚ್ಚೆದ್ದ ಕಡಲನ್ನು ಹಾಲಿನಂತೆ ನುಣುಪು ಮಾಡುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು ಅಂತ ನನಗಂತೂ ಅನಿಸುತ್ತದೆ.

ಅಷ್ಟೆಲ್ಲ ಮಾಡಿಯೂ ಆ ಸಂಜೆಯ ಫೋಟೊಗಳಲ್ಲಿ ಮುಕ್ಕಾಲು ಭಾಗ ಮಂಕು. ತಪ್ಪು ನನ್ನದೇ. ಉಪ್ಪಿನ ಹನಿ ಲೆನ್ಸಿನ ಮೇಲೆ ಕೂತಿತ್ತು, ನಾನು ಅಂಗಿಯ ತುದಿಯಿಂದ ಒರೆಸಿ ಒರೆಸಿ ಅದನ್ನು ಇನ್ನಷ್ಟು ಸವರಿದ್ದೆ. ಉಪ್ಪಿಗೆ ಒಣ ಬಟ್ಟೆ ಆಗುವುದಿಲ್ಲ. ಸಿಹಿನೀರಲ್ಲಿ ಅದ್ದಿ ಹಿಂಡಿದ ಒಂದು ಬಟ್ಟೆ, ಆಮೇಲೆ ಒಣಗಿದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಇಟ್ಟುಕೊಳ್ಳಿ. ರೂಮಲ್ಲಿ ಎಸಿ ಬೇಡ. ತಣ್ಣಗಾದ ಕ್ಯಾಮೆರಾ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಅದು ಆರುವ ಹೊತ್ತಿಗೆ ಬೆಳಕು ಹೋಗಿರುತ್ತದೆ.

ಮರುದಿನ ಮಧ್ಯಾಹ್ನ ಬಸ್ ಹತ್ತಿ ಮರವಂತೆಗೆ ಬಂದೆ. ಬೈಂದೂರಿನಿಂದ ಸುಮಾರು 20 ಕಿಲೋಮೀಟರ್, ಕುಂದಾಪುರದ ಕಡೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಘಟ್ಟದಿಂದ ಇಳಿದು ಇಲ್ಲಿಯವರೆಗೆ ಬಂದ ಹೊಳೆ, ರಸ್ತೆಯಷ್ಟು ಅಂತರದಲ್ಲಿ ಕಡಲು ಇದ್ದರೂ ಸೇರದೆ, ತಿರುಗಿ ಗಂಗೊಳ್ಳಿಗೆ ಹೋಗಿ ಸೇರುತ್ತದೆ. ವಾಹನಗಳ ಓಡಾಟ ಜಾಸ್ತಿ, ಫ್ರೇಮ್ ನೋಡುತ್ತಾ ಹಿಂದೆ ಹೆಜ್ಜೆ ಇಡಬೇಡಿ.

ಐದೂವರೆಗೆ ಮಳೆ ಹೊಡೆಯಿತು. ಆರಕ್ಕೆ ಬಿಟ್ಟಿತು. ಪಶ್ಚಿಮದಲ್ಲಿ ಮೋಡ ಒಂದು ಬಾಗಿಲಿನಷ್ಟು ತೆರೆದು ಬಿಸಿಲು ಬಂತು. ಎಲ್ಲರೂ ಮೊಬೈಲ್ ಹಿಡಿದು ಕಡಲಿಗೆ ಮುಖ ಮಾಡಿದರು, ನಾನೂ ಸಹ. ಬ್ಯಾಟರಿ ಬದಲಿಸಲು ಬ್ಯಾಗಿನ ಕಡೆ ತಿರುಗಿದಾಗ ಕಂಡದ್ದು ನೋಡಿ: ಪೂರ್ವದಲ್ಲಿ ಘಟ್ಟದ ಮೇಲೆ ಕಾಡಿಗೆಯಂಥ ಮೋಡ, ಅದರ ಮುಂದೆ ಹೊಳೆಯಾಚೆಯ ತೆಂಗಿನ ತೋಟ ಒಳಗೆ ದೀಪ ಹಚ್ಚಿಟ್ಟ ಹಾಗೆ ಹಳದಿ, ಮೇಲೆ ಕಾಮನಬಿಲ್ಲು. ಮುಳುಗುವ ಬಿಸಿಲು ಅಡ್ಡಕ್ಕೆ ಬೀಳುವುದರಿಂದ ಸಂಜೆಯ ಕಾಮನಬಿಲ್ಲು ಮೂಡುವುದೇ ಪೂರ್ವದಲ್ಲಿ ಅಲ್ವಾ? ಇಷ್ಟು ವರ್ಷ ಗೊತ್ತಿದ್ದೂ ತಿರುಗಿ ನೋಡಿರಲಿಲ್ಲ.

ಅದರಲ್ಲೂ ಮೊದಲ ನಾಲ್ಕು ಫೋಟೊದಲ್ಲಿ ಬಿಲ್ಲೇ ಇಲ್ಲ. ಲೆನ್ಸಿಗೆ ಪೋಲರೈಸರ್ (ಪ್ರತಿಫಲಿಸುವ ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಹಾಕಿದ್ದೆ, ಅದನ್ನು ಒಂದು ಕಡೆ ತಿರುಗಿಸಿದರೆ ಕಾಮನಬಿಲ್ಲನ್ನೇ ಅಳಿಸಿಹಾಕುತ್ತದೆ. ನೋಡುತ್ತಾ ನಿಧಾನಕ್ಕೆ ತಿರುಗಿಸಿದರೆ ಬಿಲ್ಲು ಮೊದಲಿಗಿಂತ ಗಾಢವಾಗಿ ಬರುತ್ತದೆ. ಟ್ರೈಪಾಡ್ ಬೇಕಾಗಲಿಲ್ಲ. ಒಟ್ಟು ಏಳೆಂಟು ನಿಮಿಷ ಇದ್ದಿರಬೇಕು.

ಆಮೇಲೆ ಕಡಲ ಕಡೆ ಬಂದೆ. ತಡೆಗೋಡೆಯ ಕಲ್ಲಿಗೆ ಅಲೆ ಹೊಡೆದು ಚಿಮ್ಮುವುದಕ್ಕೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಡಿ, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಹಾಕಿ, ಕಲ್ಲಿನಿಂದ ದೂರ ನಿಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಸೆಪ್ಟೆಂಬರಿನಲ್ಲಾದರೆ ದೂರದಲ್ಲಿ ಒಂದಾದರೂ ದೋಣಿ ಸಿಗುತ್ತದೆ, ಖಾಲಿ ದಿಗಂತಕ್ಕೆ ಒಂದು ಅಳತೆ ಬರುತ್ತದೆ. ಈ ವಾರದಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ, ಆರೂವರೆಯ ಹೊತ್ತಿಗೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಹೋದರೆ ಎಡಕ್ಕೆ ಸಾಕಷ್ಟು ಸರಿದಿರುತ್ತಾನೆ. ಹಳೇ ಫೋಟೊ ನೋಡಿ ಜಾಗ ಹುಡುಕುವವರು ಅದು ಯಾವ ತಿಂಗಳಿನದು ಅಂತ ಮೊದಲು ನೋಡಿ.

ಬ್ಯಾಗಿಗೆ ಮಳೆ ಕವರ್, ತಲೆಗೆ ಟೋಪಿ, ಒಂದು ಜೊತೆ ಹೆಚ್ಚಿನ ಚಡ್ಡಿ. ಛತ್ರಿ ಆ ಗಾಳಿಗೆ ತಿರುಗಿ ನಿಲ್ಲುತ್ತದೆ, ತರಬೇಡಿ. ಮಳೆ ಬಂದಾಗ ಓಡಿ ಹೋಗದೆ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕಾಯಿರಿ, ನನ್ನ ಒಳ್ಳೆಯ ಫೋಟೊಗಳೆಲ್ಲ ಎರಡನೇ ಚಹಾದ ನಂತರದವು. ಮನೆಗೆ ಬಂದ ದಿನವೇ ಟ್ರೈಪಾಡಿನ ಕಾಲು ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ. ನಾನು ಲಾಡ್ಜಿನಲ್ಲೇ ಬಕೆಟ್ಟಿನಲ್ಲಿ ಅದ್ದಿ ತೊಳೆದಿದ್ದೆ. ಆದರೂ ಮನೆಯಲ್ಲಿ ಬಿಚ್ಚಿದಾಗ ಒಳಗಿಂದ ಒಂದು ಚಮಚದಷ್ಟು ಮರಳು ನೆಲಕ್ಕೆ ಬಿತ್ತು.