ಕೌಂಟರಿನ ಆಚೆ ನಿಂತವರಿಗೂ ಒಂದು ಸ್ಕ್ರೀನ್

ಲ್ಯಾಬ್ ಮತ್ತು ನರ್ಸಿಂಗ್ ಹೋಮ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವುದು ನನ್ನ ಕೆಲಸ. ನಮ್ಮ ಮೀಟಿಂಗುಗಳಲ್ಲಿ ಯೂಸರ್ ಅಂದರೆ ರಿಸೆಪ್ಷನಿಸ್ಟ್. ಅವರು ಎಷ್ಟು ಕ್ಲಿಕ್‌ನಲ್ಲಿ ಬಿಲ್ ಮುಗಿಸುತ್ತಾರೆ, ಯಾವ ಬಟನ್ ಎಲ್ಲಿದ್ದರೆ ಕೈಗೆ ಸುಲಭ, ಮೌಸ್ ಮುಟ್ಟದೆ ಬರೀ ಕೀಬೋರ್ಡಿನಲ್ಲೇ ಆಗುತ್ತಾ, ಇದೆಲ್ಲ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಆಗಲೇಬೇಕು. ಆದರೆ ಅವರ ಎದುರು ಡಾಕ್ಟರ್ ಚೀಟಿ ಹಿಡಿದು ನಿಂತವರು ಯಾರು? ಹೆಸರು ಅವರದ್ದು, ವಯಸ್ಸು ಅವರದ್ದು, ರಕ್ತ ಅವರದ್ದು, ದುಡ್ಡೂ ಅವರದ್ದೇ. ಸ್ಕ್ರೀನ್ ಮಾತ್ರ ಅವರಿಗೆ ಬೆನ್ನು ಹಾಕಿ ಕೂತಿರುತ್ತದೆ.

ಬ್ಯಾಂಕು, ಕಚೇರಿ, ಆಸ್ಪತ್ರೆ, ಎಲ್ಲಿ ಹೋದರೂ ಇದೇ ಕಥೆ. ಆ ಕಡೆಯವರು ಏನೋ ಟೈಪ್ ಮಾಡುತ್ತಾರೆ, ನಾವು ಅವರ ಮುಖ ನೋಡುತ್ತಾ ನಿಂತಿರುತ್ತೇವೆ. ‘ಸರ್ವರ್ ಡೌನ್’ ಅಂದರೆ ನಂಬಬೇಕು ಅಷ್ಟೇ. ಬೇರೆ ದಾರಿ ಏನಿದೆ?

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತ್ತು, ಅದೂ ಇಪ್ಪತ್ತು ವರ್ಷಕ್ಕೂ ಹಿಂದೆ. ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಎಲ್ಲರೂ ಹೊಗಳುವುದು ಈ ದೊಡ್ಡ ಸಂಖ್ಯೆಗಳನ್ನೇ. ನನಗೆ ಇಷ್ಟವಾಗುವುದು ಬೇರೆ. ಆ ಕೌಂಟರಿನಲ್ಲಿ ಎರಡನೇ ಸ್ಕ್ರೀನ್ ಒಂದನ್ನು ರೈತರ ಕಡೆಗೆ ತಿರುಗಿಸಿ ಇಟ್ಟಿದ್ದರು. ಆಪರೇಟರ್ ಏನು ಮಾಡುತ್ತಿದ್ದಾರೆ ಅನ್ನುವುದು ಆಚೆ ನಿಂತವರಿಗೂ ಕಾಣುತ್ತಿತ್ತು.

ಸುಮ್ನೆ ಒಂದು ಮಾನಿಟರ್, ಅದರಲ್ಲೇನು ಮಹಾ ಅಂತ ಅನಿಸಬಹುದು. ಅದಕ್ಕೆ ಮುಂಚೆ ದಾಖಲೆ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಅವರು ಸಿಗಬೇಕು, ಹುಡುಕಬೇಕು, ಬರೆಯಬೇಕು. ಪುಸ್ತಕ ತೆರೆಯುವವರೂ ಅವರೇ, ಅದರಲ್ಲಿ ಏನಿದೆ ಅಂತ ಹೇಳುವವರೂ ಅವರೇ. ‘ಖರ್ಚಿಗೆ’ ಕೊಡದೆ ಕೆಲಸ ಆಗುವುದು ಕಷ್ಟವಿತ್ತು. ‘ಭೂಮಿ’ ಬಂದ ಮೇಲೆ ಖಾತೆ ಬದಲಾವಣೆಯ ಅರ್ಜಿಗಳಿಗೆ ಸಾಫ್ಟ್‌ವೇರಿನಲ್ಲೇ ಸರದಿ ಕಟ್ಟಿದರು. ಮೊದಲು ಬಂದದ್ದು ಮೊದಲು, ಮಧ್ಯೆ ನುಗ್ಗಿಸುವ ಹಾಗಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಇದನ್ನು ಡಿಸೈನ್ ಮಾಡಿದವರು ಆಪರೇಟರಿನ ಸುಖ ಒಂದನ್ನೇ ನೋಡಿಲ್ಲ, ಎದುರಿಗೆ ನಿಂತವರಿಗೆ ಎಲ್ಲೆಲ್ಲಿ ಮೋಸ ಆಗಬಹುದು ಅಂತ ಯೋಚಿಸಿದ್ದಾರೆ. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಊರಲ್ಲೇ ಆಗಬೇಕಾದ ಕೆಲಸಕ್ಕೆ ಬಸ್ ಹತ್ತಿ ತಾಲ್ಲೂಕಿಗೆ ಹೋಗಬೇಕಾಯಿತು. ಓದಲು ಬಾರದವರಿಗೆ ಆ ಸ್ಕ್ರೀನಿಂದ ಏನು ಉಪಯೋಗ ಅನ್ನುವ ಪ್ರಶ್ನೆಯೂ ಉಳಿಯಿತು.

ಆ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಉತ್ತರ ಬಂತು. ಈಗ ಎಳನೀರು ಗಾಡಿಯ ಮೇಲೂ ಇರುವ ಯುಪಿಐ ಸೌಂಡ್‌ಬಾಕ್ಸ್ ನೋಡಿ. 2016ರಲ್ಲಿ ಯುಪಿಐ ಬಂದಾಗ ಗಿರಾಕಿಯ ಮೊಬೈಲಿನಲ್ಲಿ ಎಲ್ಲ ಚೆನ್ನಾಗಿತ್ತು. ಹಸಿರು ಟಿಕ್ ಬರುತ್ತಿತ್ತು, ಟಣ್ ಅನ್ನುತ್ತಿತ್ತು. ಅಂಗಡಿಯವರಿಗೆ? ಗಿರಾಕಿ ಎತ್ತಿ ತೋರಿಸಿದ ಸ್ಕ್ರೀನನ್ನು ನಂಬಬೇಕು. ಅದು ಹಳೆಯ ಸ್ಕ್ರೀನ್‌ಶಾಟ್ ಆಗಿರಬಹುದು. ಎಸ್‌ಎಂಎಸ್ ತಡವಾಗಿ ಬರುತ್ತದೆ, ಫೋನ್ ಮಗನ ಕೈಯಲ್ಲಿರುತ್ತದೆ, ತಮ್ಮ ಕೈಯಲ್ಲಿ ಬಜ್ಜಿ ಹಿಟ್ಟಿರುತ್ತದೆ. ಇಲ್ಲಿ ಕೌಂಟರ್ ಉಲ್ಟಾ ಆಗಿದೆ, ಗಮನಿಸಿ. ಸ್ಕ್ರೀನ್ ಇಲ್ಲದವರು ಅಂಗಡಿಯವರು. ಸೌಂಡ್‌ಬಾಕ್ಸ್‌ಗೆ ಅದರದೇ ಸಿಮ್ ಇದೆ, ಅಂಗಡಿಯವರ ಫೋನ್ ಬೇಕಿಲ್ಲ. ನೋಡಬೇಕಿಲ್ಲ, ಓದಬೇಕಿಲ್ಲ, ಕೈ ಒರೆಸಿಕೊಳ್ಳಬೇಕಿಲ್ಲ. ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅಂತ ಕೂಗುತ್ತದೆ. ನನ್ನ ಮಟ್ಟಿಗೆ, ನಮ್ಮ ದೇಶದಲ್ಲಿ ಈಚೆಗೆ ಬಂದ ಅತ್ಯಂತ ಒಳ್ಳೆಯ ಯೂಸರ್ ಇಂಟರ್‌ಫೇಸ್ ಇದು. ಅದಕ್ಕೆ ಸ್ಕ್ರೀನೇ ಬೇಕಾಗಲಿಲ್ಲ ಅನ್ನುವುದು ನಮ್ಮಂಥ ಸ್ಕ್ರೀನ್ ಬಿಡಿಸುವವರಿಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಈಗ ನಮ್ಮ ಲ್ಯಾಬ್ ಕಥೆ. ಜಿಲ್ಲಾ ಕೇಂದ್ರವೊಂದರ ಲ್ಯಾಬಿನಲ್ಲಿ ಎರಡನೇ ಸ್ಕ್ರೀನ್ ಇಡೋಣ ಅಂತ ನಾನು ಹಠ ಹಿಡಿದೆ. ಕಾರಣ ಸರಳ. ತಪ್ಪು ಎಂಟ್ರಿಗಳು ಗೊತ್ತಾಗುತ್ತಿದ್ದದ್ದು ರಿಪೋರ್ಟ್ ಪ್ರಿಂಟ್ ಆದ ಮೇಲೆ. ಹೆಸರು ಆಧಾರ್‌ನಲ್ಲಿರುವ ಹಾಗೆ ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಅದಕ್ಕಿಂತ ಜಾಸ್ತಿ ಭಯ ಲಿಂಗದ ಕಾಲಮ್ಮಿನದ್ದು. ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ‘ಪುರುಷ’ ಅಂತ ಮೊದಲೇ ಆಯ್ಕೆ ಆಗಿರುತ್ತದೆ. ಗಡಿಬಿಡಿಯಲ್ಲಿ ಯಾರೂ ಬದಲಾಯಿಸುವುದಿಲ್ಲ. ಹಿಮೋಗ್ಲೋಬಿನ್ 12.4 ಇದ್ದರೆ ಹೆಂಗಸರಿಗೆ ನಾರ್ಮಲ್, ಏಕೆಂದರೆ ಅವರಿಗೆ ಕೆಳಗಿನ ಮಿತಿ ಸಾಮಾನ್ಯವಾಗಿ 12. ಗಂಡಸರಿಗೆ ಅದು 13. ಅದೇ ರಕ್ತ, ಅದೇ ಯಂತ್ರ, ಒಂದು ಕಾಲಮ್ ತಪ್ಪಾದರೆ ರಿಪೋರ್ಟಿನಲ್ಲಿ ‘ಕಡಿಮೆ’ ಅಂತ ಗುರುತು ಬೀಳುತ್ತದೆ. ಆಮೇಲೆ ಆ ಹೆಂಗಸು ಊರಿಗೆ ಹೋಗಿ ಸುಮ್ನೆ ಗಾಬರಿ ಆಗುತ್ತಾರೆ.

ಮಾಲೀಕರು ಒಪ್ಪಲಿಲ್ಲ. ‘ಸ್ಕ್ರೀನ್ ತೋರಿಸಿದ್ರೆ ಪ್ರತಿಯೊಬ್ಬರೂ ವಾದಕ್ಕೆ ನಿಲ್ತಾರೆ, ಕ್ಯೂ ಮುಂದೆ ಹೋಗಲ್ಲ’ ಅಂದರು. ರಿಸೆಪ್ಷನ್‌ನವರಿಗೆ ಇನ್ನೂ ಕೋಪ. ತಮ್ಮನ್ನು ಕಾಯಲು ಕ್ಯಾಮೆರಾ ಇಟ್ಟ ಹಾಗೆ ಅನಿಸಿತ್ತು ಅವರಿಗೆ. ಕೊನೆಗೆ ಹಳೆಯ ಮಾನಿಟರ್ ಒಂದನ್ನು ಪ್ರಯೋಗಕ್ಕೆ ಅಂತ ಇಟ್ಟೆವು. ಕೌಂಟರಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಿತು, ಅದು ನಿಜ. ಆದರೆ ಜನ ಪ್ರಿಂಟಿಗೆ ಮುಂಚೆಯೇ ಹೇಳತೊಡಗಿದರು: ‘ನನ್ನ ಹೆಸರಲ್ಲಿ ಎಚ್ ಇಲ್ಲ ಮೇಡಂ’, ‘ನಾನು ಗಂಡಸಲ್ಲ ಕಣಮ್ಮ’. ಈಗ ರಿಸೆಪ್ಷನ್‌ನವರೇ ‘ಆ ಕಡೆ ನೋಡಿ, ಸರಿ ಇದೆಯಾ ಹೇಳಿ’ ಅನ್ನುತ್ತಾರೆ. ತಪ್ಪಾದರೆ ಬೈಗುಳ ತಮ್ಮೊಬ್ಬರ ತಲೆಗೇ ಬರುವುದಿಲ್ಲವಲ್ಲ.

ಆದರೆ ‘ಭೂಮಿ’ ಯೋಜನೆಯದ್ದನ್ನು ಇದ್ದ ಹಾಗೇ ಎತ್ತಿ ಇಲ್ಲಿ ಇಡಲು ಆಗುವುದಿಲ್ಲ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ರಕ್ತ ಪರೀಕ್ಷೆ ಹಾಗಲ್ಲ. ಎಚ್‌ಐವಿ ಟೆಸ್ಟೋ ಗರ್ಭದ ಟೆಸ್ಟೋ, ಹಿಂದೆ ಕ್ಯೂನಲ್ಲಿ ನಿಂತವರು ಓದಿದರೆ ಸಣ್ಣ ಊರಿನಲ್ಲಿ ಮುಗಿಯಿತು. ಆದ್ದರಿಂದ ಸ್ಕ್ರೀನಿನಲ್ಲಿ ಹೆಸರು, ವಯಸ್ಸು, ಲಿಂಗ, ಒಟ್ಟು ಹಣ, ಇಷ್ಟೇ. ಟೆಸ್ಟುಗಳ ಹೆಸರು ಕೈಗೆ ಕೊಡುವ ಚೀಟಿಯಲ್ಲಿ ಮಾತ್ರ. ಸೌಂಡ್‌ಬಾಕ್ಸ್ ಥರ ಕೂಗಿಸುವ ಮಾತೂ ಬಂತು, ಇದೇ ಕಾರಣಕ್ಕೆ ಬೇಡ ಅಂದೆವು. ಓದಲು ಬಾರದವರಿಗೆ ರಿಸೆಪ್ಷನ್‌ನವರು ಮೆಲ್ಲಗೆ ಓದಿ ಹೇಳುತ್ತಾರೆ. ಅಕ್ಷರ ಬಾರದಿದ್ದರೂ ಅಂಕಿ ಬರುವವರು ಬಹಳ ಜನ ಇದ್ದಾರೆ. ನೋಟು, ಫೋನ್, ಬಸ್ ನಂಬರ್ ನೋಡಿ ನೋಡಿ ಕಲಿತವರು. ಅದಕ್ಕೇ ವಯಸ್ಸು ಮತ್ತು ಹಣ ಎರಡನ್ನೂ ದೂರದಿಂದ ಕಾಣುವಷ್ಟು ದಪ್ಪ ಅಂಕಿಯಲ್ಲಿ ಹಾಕಿದ್ದೇವೆ.

ಈಗ ಹೊಸ ತಲೆನೋವು ಶುರುವಾಗಿದೆ. ಬಿಲ್ ಇಲ್ಲದ ಹೊತ್ತಿನಲ್ಲಿ ಆ ಸ್ಕ್ರೀನಿನಲ್ಲಿ ‘ಫುಲ್ ಬಾಡಿ ಚೆಕಪ್ ಆಫರ್’ ಓಡಿಸಬಹುದಲ್ವಾ ಅಂತ ಮಾಲೀಕರ ಬೇಡಿಕೆ. ಮಾನಿಟರಿನ ದುಡ್ಡು ಹುಟ್ಟಬೇಕು ಅನ್ನುತ್ತಾರೆ, ಅವರ ಲೆಕ್ಕ ಅವರಿಗೆ. ನಾನು ಇನ್ನೂ ಒಪ್ಪಿಲ್ಲ. ಜಾಹೀರಾತು ಓಡುವ ಸ್ಕ್ರೀನ್ ಕಡೆ ಜನ ಕಣ್ಣು ಹಾಯಿಸುವುದನ್ನೇ ಬಿಡುತ್ತಾರೆ, ಆಮೇಲೆ ತಮ್ಮ ಹೆಸರು ಬಂದರೂ ನೋಡುವುದಿಲ್ಲ. ಸೋಮವಾರ ಇದರ ಮೇಲೆ ಮತ್ತೆ ಮೀಟಿಂಗ್ ಇದೆ.